ಕುದುರಿ ಪಿಚ್ಚರಿನ ಉಳಿದ ಕಥೆ

ಶೇಡಬಾಳ ಸ್ಟೇಶನ್ನಿನಲ್ಲಿ ಮಿರಜ ಗಾಡಿ ತಡ. ಹಾಲಿವುಡ್ಡಿನ ಹಳೆಯ ನಿರ್ದೇಶಕನೊಬ್ಬನ ಜೀವನಚರಿತ್ರೆ ಓದುತ್ತ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ಮುಖಪುಟದ ಟೋಪಿಯ ಮುದುಕನನ್ನು ದಿಟ್ಟಿಸಿ, "ಯಾರ್ರಿ ಇಂವಾ?" ಎಂದರು.

"ಅಮೆರಿಕದವರು. ಕುದುರೆ ಸವಾರರ ಸಿನಿಮಾ ತೆಗೀತಿದ್ರು."

ಅವರ ಮುಖ ಅರಳಿತು. "ನಮ್ಮ ಮನಿಯವರು ಮಿರಜಿಗೆ ಹೋಗಿ ಅಂಥಾವನ್ನ ನೋಡಿ ಬರ್ತಿದ್ರು. ಇಂಗ್ಲಿಷ್ ಒಂದಕ್ಷರ ಬರ್ತಿದ್ದಿಲ್ಲ. ಆದ್ರೂ ನಾವು ಒಣದ್ರಾಕ್ಷಿ ಆರಿಸೂ ಮುಂದ ಕಥಿ ಹೇಳ್ತಿದ್ರು. ಕಡೀಕ ಸವಾರ ಮನೀಗೆ ಬರ್ತಾನ, ಹೇಣ್ತಿ ರೊಟ್ಟಿ ಬಡ್ಯಾಕತ್ತಿರ್ತಾಳ."

ನನಗೆ ಇರಿಸುಮುರಿಸಾಯಿತು. ಈ ನಿರ್ದೇಶಕನ ಚಿತ್ರಗಳಲ್ಲಿ ಸವಾರ ಮನೆಗೆ ಮರಳುವುದೇ ಇಲ್ಲ. ಬಯಲಿನಲ್ಲಿ ಚುಕ್ಕೆಯಾಗಿ ಮರೆಯಾಗುತ್ತಾನೆ. ಹೇಳಲೋ ಬೇಡವೋ ಎನ್ನುವಷ್ಟರಲ್ಲಿ ಅವರೇ ಕೇಳಿದರು: "ಈ ಮುದುಕಗ ಹೆಂಡ್ರು ಮಕ್ಕಳು ಇದ್ರೇನ್ರಿ?"

"ಇದ್ದರು. ಆದರೆ ಆಯುಷ್ಯವೆಲ್ಲ ಶೂಟಿಂಗಿನಲ್ಲೇ ಹೋಯಿತು. ಯಾರೂ ಸಿನಿಮಾ ಕೊಡದಂತಾದ ಮೇಲೆ ಮನೆಗೆ ಬಂದ. ಅಷ್ಟೊತ್ತಿಗೆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ."

"ಅದಕ್ಕ ನೋಡ್ರಿ, ಮನೀಗೆ ಬರೂ ಸೀನ ತಗಿಯಾಕ ಅವಗ ಬರಲಿಲ್ಲ."

ಅಂದರೆ ಸಿನಿಮಾದ ನಿಜವಾದ ಕೊನೆ ಇವರಿಗೆ ಗೊತ್ತಿತ್ತು! "ನೀವೂ ನೋಡಿದ್ದೀರಾ?" ಎಂದೆ.

"ಒಮ್ಮೆ ಕರಕೊಂಡ ಹೋಗಿದ್ರು. ಸವಾರ ಹೋದಾಂವ ಹೊಳ್ಳಿ ಬರಲೇ ಇಲ್ಲ. ನಾ ಅಲ್ಲೇ ಅಳಾಕತ್ತೆ. 'ಅಳಬ್ಯಾಡ, ಉಳದದ್ದ ಮನ್ಯಾಗ ಹೇಳ್ತೇನಿ, ನಡಿ' ಅಂದ್ರು."

ದೂರದಲ್ಲಿ ಗಾಡಿ ಕೂಗಿತು. ಅವರು ಸೆರಗು ಸರಿಮಾಡಿಕೊಂಡು ಎದ್ದರು.

"ಈಗ ಅವರೂ ಹೋಗ್ಯಾರ. ಉಳದದ್ದ ಯಾರ ಹೇಳಬೇಕ್ರಿ?"