ಕುಗ್ಗಿದ ಬುರ್ನಾಸಿನ ಸೋಮವಾರ

ಮೊನ್ನೆ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಹೊಸದಾಗಿ ತೆರೆದ ಅಂಗಡಿಯೊಂದಕ್ಕೆ ಸೊಸೆಯ ಜೊತೆ ಹೋಗಿದ್ದೆ. ಉಣ್ಣೆಯ ಟೋಪಿ, ಉಣ್ಣೆಯ ಕೈಚೀಲ, ಕನ್ನಡಕ ಇಡಲು ಉಣ್ಣೆಯ ಪುಟ್ಟ ಚೀಲ, ಕುರ್ಚಿಯ ಮೇಲೆ ಹಾಕಿಕೊಳ್ಳಲು ಉಣ್ಣೆಯ ಬಿಲ್ಲೆ. ಒಂದೂ ಮಗ್ಗದಲ್ಲಿ ನೇಯ್ದದ್ದಲ್ಲ, ಎಲ್ಲ ಒತ್ತಿ ಗಟ್ಟಿ ಮಾಡಿದ್ದು. ಮಾರುವಾಕೆ ಬಾಯಿಪಾಠ ಒಪ್ಪಿಸಿದಳು: "ಪ್ಯೂರ್ ವೂಲ್ ಅಜ್ಜಿ, ಪರಿಸರಕ್ಕೂ ಒಳ್ಳೇದು." ನಾನು ಚೀಲದ ಅಂಚಿನಿಂದ ಒಂದು ಎಳೆ ಕಿತ್ತು, "ಬೆಂಕಿಪೊಟ್ಟಣ ಐತೇನವ್ವ?" ಎಂದೆ. ಆಕೆ ನನ್ನ ಸೊಸೆಯ ಮುಖ ನೋಡಿದಳು. ಸೊಸೆ ಫ್ಯಾನು ನೋಡಿದಳು. ಕೊನೆಗೆ ದೇವರ ಪಟದ ಮುಂದಿದ್ದ ಪೊಟ್ಟಣ ಬಂತು. ಎಳೆ ಸುಟ್ಟೆ. ಕೂದಲು ಸುಟ್ಟ ವಾಸನೆ ಬಂತು, ಬೂದಿ ಬೆರಳಲ್ಲಿ ಪುಡಿಯಾಯಿತು. ಅಸಲಿ ಮಾಲು. ಆದರೆ ಆ ವಾಸನೆ ಮೂಗಿಗೆ ಹೊಡೆದದ್ದೇ ನನಗೆ ನಗು ಶುರುವಾಯಿತು. ಆಟೋ ಹತ್ತಿದರೂ ನಿಲ್ಲಲಿಲ್ಲ. ಅಜ್ಜಿಗೆ ಏನೋ ಆಗಿದೆ ಅಂತ ಆಟೋದವನು ಕನ್ನಡಿಯಲ್ಲಿ ಎರಡೆರಡು ಸಲ ನೋಡಿದ.

ಯಾಕೆ ನಕ್ಕೆ ಅನ್ನುವುದನ್ನು ನಿಮಗೂ ಹೇಳುತ್ತೇನೆ. ನಾನು ಓದಿದ್ದು ತವರೂರು ಲೋಕಿಕೆರೆಯಲ್ಲಿ ಎರಡನೇ ಇಯತ್ತೆ, ಅದೂ ಪೂರ್ತಿ ಅಲ್ಲ. ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ದಾವಣಗೆರೆಯಲ್ಲಿ ಹತ್ತಿ ಗಿರಣಿಯ ಸಿಳ್ಳು ಕೇಳಿ ಜನ ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ಹಳೇಪೇಟೆಯ ದಲಾಲಿ ಅಂಗಡಿಯವರ ಮನೆಗೆ ನಾನು ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಾವ ಭಾರಿ ಆಳು. ಬೆಳಗ್ಗೆ ಲಿಂಗಪೂಜೆಗೆ ಅವರು ಕೂತರೆ ಕೋಣೆಯಲ್ಲಿ ಇನ್ನೊಬ್ಬರಿಗೆ ಜಾಗವಿರಲಿಲ್ಲ. ಅತ್ತೆ ಸಾರಥಿ ಊರಿನವರು, ಕಡ್ಡಿಯಂಥ ಮೈ, ಕತ್ತರಿಯಂಥ ಬಾಯಿ. ಮನೆಗೆ ಬರುವ ಪ್ರತಿ ವಸ್ತುವನ್ನೂ ಅವರೇ ಆರಿಸಬೇಕು. ಮೊರವನ್ನು ಬಡಿದು ನೋಡುವರು, ಚಾಪೆಯನ್ನು ಮೂಸಿ ನೋಡುವರು. ನನ್ನನ್ನೂ ಹಾಗೇ ನೋಡಿ ತಂದಿದ್ದರಂತೆ. "ಹಲ್ಲು ಗಟ್ಟಿ ಅದಾವು, ಬುದ್ಧಿ ಆಮ್ಯಾಲೆ ಬರ್ತೈತೆ ಬಿಡು" ಅಂದಿದ್ದರು ಅಂತ ನನ್ನ ತಾಯಿಯೇ ಹೇಳಿದಳು.

ಶ್ರಾವಣಕ್ಕೆ ಮಾವನಿಗೆ ಪೂಜೆಯ ಹೊಸ ಆಸನ ಬೇಕಾಗಿತ್ತು. ನಮ್ಮಲ್ಲಿ ಪೂಜೆಗೆ ಉಣ್ಣೆಯ ಮೇಲೆಯೇ ಕೂರುವುದು. ಕಂಬಳಿ ಆದೀತು, ಆದರೆ ಅತ್ತೆಗೆ ಬುರ್ನಾಸೇ ಬೇಕು. ಉಣ್ಣೆಯನ್ನು ನೇಯದೆ, ನೀರು ಹಾಕಿ ತುಳಿದು ಗಟ್ಟಿ ಮಾಡಿದ ಹಾಸನ್ನು ನಾವು ಬುರ್ನಾಸು ಅನ್ನುತ್ತಿದ್ದೆವು. ಹರಿಹರದ ಇಮಾಮ್‌ಸಾಬರು ಅದನ್ನು ಮಾಡುವವರು. ಅತ್ತೆ ನನ್ನನ್ನು ಕರೆದುಕೊಂಡು ರೈಲು ಹತ್ತಿದರು. "ಇವತ್ತು ನೀನು ಆರಿಸ್ತಿ. ನಾನು ಸುಮ್ನೆ ನಿಂತ್ಕಂತೀನಿ" ಅಂದರು. ಅವರು ಸುಮ್ಮನೆ ನಿಂತದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ನನಗೆ ಗಾಬರಿಯಾಯಿತು. ಚೆನ್ನಾಗಿ ಆರಿಸಿದರೆ ಮುಂದೆಯೂ ಪೇಟೆಗೆ ಕಳಿಸುತ್ತಾರೆ. ಕೆಟ್ಟರೆ ಒಲೆಯ ಮುಂದೆಯೇ ಆಯುಷ್ಯ.

ದಾರಿಯಲ್ಲೇ ಪಾಠ. "ಬೆಳಕಿಗೆ ಹಿಡಿ, ತೂತು ಕಂಡ್ರೆ ಬ್ಯಾಡ. ಅಂಚು ಹಿಡಿದು ಜಗ್ಗು, ಪದರ ಬಿಟ್ರೆ ಬ್ಯಾಡ. ಎಳೆ ಸುಡು, ಹತ್ತಿ ವಾಸನೆ ಬಂದ್ರೆ ಕಲಬೆರಕೆ. ಬಣ್ಣ ಹಾಕಿದ್ದು ಮುಟ್ಟಬ್ಯಾಡ. ಕುರಿ ಯಾವ ಬಣ್ಣ ಕೊಟ್ಟೈತೋ ಅದೇ ಸಾಕು." ಕುರಿಯನ್ನು ಕೊಲ್ಲದೆ ಸಿಗುವ ಮಾಲು, ಕತ್ತರಿಸಿದಷ್ಟೂ ಮತ್ತೆ ಬೆಳೆಯುತ್ತದೆ, ಮೂರು ತಲೆಮಾರು ಬಾಳುತ್ತದೆ, ಕೊನೆಗೆ ಹರಿದರೆ ತಿಪ್ಪೆಗೆ ಹಾಕಿದರೂ ಹೊಲಕ್ಕೆ ಗೊಬ್ಬರ ಅಂತಲೂ ಹೇಳಿದರು. ಈಗಿನವರು ಇದನ್ನೇ ಚೀಟಿ ಅಂಟಿಸಿ ಮಾರುತ್ತಾರೆ.

ಇಮಾಮ್‌ಸಾಬರ ಅಂಗಳ ಹೊಳೆಯ ಕಡೆಗಿತ್ತು. ಅವರು ಬಿಲ್ಲಿನ ಹುರಿಯನ್ನು ಮೀಟುತ್ತ ಉಣ್ಣೆ ಹಿಂಜುತ್ತಿದ್ದರೆ ಅಂಗಳವೆಲ್ಲ ದೊಡ್ಡ ದುಂಬಿ ಹೊಕ್ಕ ಹಾಗೆ ಗುಂಯ್ ಅನ್ನುತ್ತಿತ್ತು. ಸಿದ್ಧವಾದ ನಾಲ್ಕನ್ನು ಮುಂದೆ ಹಾಕಿದರು. ನಾನು ಅಂಚು ಜಗ್ಗಿದೆ, ಎಳೆ ಸುಟ್ಟೆ, ತಪ್ಪು ಸಿಗದಿದ್ದರೂ ಧೈರ್ಯ ಸಾಲದೆ ನಾಲ್ಕನ್ನೂ ಒಲ್ಲೆ ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹಂಗಾದ್ರೆ ನಿಮ್ಮ ಕಣ್ಮುಂದೇ ಮಾಡ್ತೀವಿ, ಕೂಡ್ರಿ ತಾಯಿ" ಅಂದರು. ಅತ್ತೆ ಹೊಳೆಗೆ ಕೈಕಾಲು ತೊಳೆಯಲು ಹೋದರು.

ಚಾಪೆಯ ಮೇಲೆ ಕರಿ ಉಣ್ಣೆ ಹಾಸಿ, ಸೋಪಿನ ನೀರು ಚಿಮುಕಿಸಿ, ಚಾಪೆ ಸಮೇತ ಸುತ್ತಿ, ಸಾಬರ ಹೆಂಡತಿ ಮತ್ತು ಇಬ್ಬರು ನಾದಿನಿಯರು ಸಾಲಾಗಿ ನಿಂತು ತುಳಿಯತೊಡಗಿದರು. ಒಂದು, ಎರಡು, ಉರುಳಿಸು. ಒಂದು, ಎರಡು, ಉರುಳಿಸು. ನೋಡುತ್ತ ನೋಡುತ್ತ ನನ್ನ ಕಾಲುಗಳು ತಾವಾಗಿಯೇ ಆಡತೊಡಗಿದವು. ಸೀರೆ ಎತ್ತಿ ಕಟ್ಟಿ ನಾನೂ ಸಾಲಿನಲ್ಲಿ ನಿಂತೆ. ಲೋಕಿಕೆರೆ ಬಿಟ್ಟ ಮೇಲೆ ಅಷ್ಟು ಕುಣಿದದ್ದು ಅದೇ ಮೊದಲು. ಜಾರಿದೆವು, ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕೆವು. ಹಿಂತಿರುಗಿ ನೋಡಿದರೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಗಡಬಡಿಸಿ ಸೀರೆ ಇಳಿಸಿಕೊಂಡೆ. ಅವರು ಅಂದದ್ದು ಇಷ್ಟೇ: "ನಿನ್ನ ಎಡಗಾಲು ಸುಮ್ನೆ ಅಡ್ಡಾಡ್ತೈತೆ. ಸರಿಯಾಗಿ ತುಳಿ."

ಮೂರನೆಯ ದಿನ ಒಣಗಿದ ಆಸನ ತರಲು ಗಂಡನ ಜೊತೆ ಹೋದೆ; ಅವರು ಬೀದಿಯಲ್ಲೇ ನಿಂತರು. ಎರಡು ಮೊಳ ಚೌಕ, ಕಾಡಿಗೆಯ ಕಪ್ಪು. ಇಮಾಮ್‌ಸಾಬರು ಎರಡು ಸಲ ಹೇಳಿದರು: "ಬಿಸಿನೀರು ತೋರಿಸ್ಬ್ಯಾಡ್ರಿ ತಾಯಿ. ಧೂಳು ಕೂತ್ರೆ ಕೊಡವಿ ಬಿಸಿಲಿಗೆ ಹಾಕ್ರಿ, ಸಾಕು." ನಾನು ಎರಡು ಸಲ ಹೂಂ ಅಂದೆ.

ಮನೆಗೆ ತಂದ ಸುರುಳಿಯನ್ನು ಸೋಮವಾರವೇ ಬಿಚ್ಚೋಣ ಅಂತ ಅತ್ತೆ ನನ್ನ ಕೈಗೇ ಬಿಟ್ಟರು. ನನಗೆ ಅದರಲ್ಲಿ ಕುರಿಯ ವಾಸನೆ ಬರುತ್ತಿದೆ ಅನ್ನಿಸಿತು. ಉಣ್ಣೆಗೆ ಮೈಲಿಗೆ ಇಲ್ಲ, ಅದನ್ನು ಒಗೆಯಲೇಬೇಕಿಲ್ಲ ಅನ್ನುವುದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿತ್ತು. ಆದರೆ ನಾನು ಆರಿಸಿದ ಮಾಲು, ಮಾವನ ಮೂಗಿಗೆ ವಾಸನೆ ಹೊಡೆದರೆ ನನ್ನ ಹೆಸರು ಏನಾಗಬೇಕು? ಶುಕ್ರವಾರ ಮಧ್ಯಾಹ್ನ ಎಲ್ಲರೂ ಮಲಗಿದಾಗ ಅಂಟುವಾಳ ಕುದಿಸಿದೆ. ಆ ಕುದಿನೀರಲ್ಲಿ ಆಸನ ಮುಳುಗಿಸಿದೆ, ಕಲ್ಲಿನ ಮೇಲೆ ಬಡಿದೆ, ತಣ್ಣೀರಲ್ಲಿ ಅದ್ದಿದೆ, ಮತ್ತೆ ಬಡಿದೆ. ಬಡಿದಂತೆಲ್ಲ ಅದು ನನ್ನ ಕೈಯಲ್ಲೇ ಸಣ್ಣದಾಗುತ್ತ ಬಂತು. ಎಳೆದೆ, ಬರಲಿಲ್ಲ. ಮೇಲೆ ಕೂತು ಎಳೆದೆ, ನಾನೇ ಉರುಳಿಬಿದ್ದೆ. ಎರಡು ಮೊಳ ಇದ್ದದ್ದು ಒಂದೂಕಾಲು ಮೊಳಕ್ಕೆ ಬಂದು, ದಪ್ಪ ಮಾತ್ರ ಎರಡರಷ್ಟಾಗಿ ಕೂತಿತು.

ಯಾರೂ ಹತ್ತದ ಮಾಡಿನ ಮೇಲೆ ಎರಡು ದಿನ ಒಣಗಿಸಿ, ಭಾನುವಾರ ರಾತ್ರಿಯೂಟಕ್ಕೆ ಮೊದಲೇ ಪೂಜೆಯ ಕೋಣೆಯಲ್ಲಿಟ್ಟೆ. ಸೋಮವಾರ ಮಾವ ಅದರ ಮೇಲೆ ಕೂತರು. ಅವರು ಕೂತ ಮೇಲೆ ಆಸನವೇ ಕಾಣಲಿಲ್ಲ. "ಏನಿದು, ನನಗೆ ತಂದಿದ್ದೋ ಲಿಂಗಕ್ಕೆ ತಂದಿದ್ದೋ?" ಅಂದರು. ಅತ್ತೆ ಓಡಿ ಬಂದರು. ಎತ್ತಿ ನೋಡಿದರು. "ಸಾಬ ಬದಲಿ ಮಾಲು ಕೊಟ್ಟಾನ. ನಮ್ಮ ಹುಡುಗಿ ಸಣ್ಣಾಕಿ ಅಂತ ಟೋಪಿ ಹಾಕ್ಯಾನ" ಅಂದರು. ನಾನು ಬಾಯಿ ಬಿಡಲಿಲ್ಲ. ಪೇಟೆಯ ದಾರಿ ಮುಚ್ಚಿಹೋಗುತ್ತದಲ್ಲ.

ಅತ್ತೆಯ ಬಾಯಿಯ ವಿಷಯ ಹೇಳಿದೆನಲ್ಲ. ಸಂಜೆಯೊಳಗೆ ಅಕ್ಕಪಕ್ಕದ ನಾಲ್ಕು ಮನೆಗೆ ಸುದ್ದಿ ಮುಟ್ಟಿತು. ನಾಲ್ಕೂ ಮನೆಯವರು ಇಮಾಮ್‌ಸಾಬರಿಗೆ ಹೇಳಿಟ್ಟ ಆಸನ, ಹಾಸು ಎಲ್ಲ ಬ್ಯಾಡ ಅಂತ ಹರಿಹರಕ್ಕೆ ಹೇಳಿಕಳಿಸಿದರು. ಆ ಮನುಷ್ಯ ವರ್ಷವಿಡೀ ಬದುಕುವುದೇ ಶ್ರಾವಣದ ಕೆಲಸದ ಮೇಲೆ. ನನಗದು ಗೊತ್ತಿತ್ತು. ಗೊತ್ತಿದ್ದೂ ಮೂರು ದಿನ ರೊಟ್ಟಿ ಬಡಿಯುತ್ತ ಕೂತೆ.

ಗುರುವಾರ ಇಮಾಮ್‌ಸಾಬರೇ ಬಂದರು, ಹೆಗಲ ಮೇಲೆ ಹೊಸ ಆಸನ. ಕಟ್ಟೆಯ ಮೇಲೆ ಕೂರಲಿಲ್ಲ. "ಅಮ್ಮಾರೆ, ನನ್ನ ಕೈ ತಪ್ಪಿದ್ರೆ ಇದನ್ನ ಇಟ್ಕಳ್ರಿ. ಹಳೇದನ್ನ ಒಂದು ಸಲ ತೋರಿಸ್ರಿ" ಅಂದರು. ಅತ್ತೆ ಕುಗ್ಗಿದ್ದನ್ನು ಅವರ ಮುಂದೆ ಎಸೆದರು. ಸಾಬರು ಎತ್ತಿಕೊಂಡು ಹಿಚುಕಿದರು, ಮಡಚಿದರು, ಮೂಸಿದರು. ಅಂಟುವಾಳದ ವಾಸನೆ ಹೋಗಿರಲಿಲ್ಲ. ತಲೆಯೆತ್ತಿ ಅಡುಗೆಮನೆಯ ಬಾಗಿಲಲ್ಲಿದ್ದ ನನ್ನನ್ನು ನೋಡಿದರು. ಆಮೇಲೆ ಅತ್ತೆಗೆ, "ಹೌದ್ರಿ, ನನ್ನದೇ ಮಾಲು. ಬದಲಿ ಕೊಡೋದು ನನ್ನ ಧರ್ಮ" ಅಂದರು. ಅಷ್ಟೇ. ನನ್ನ ಹೆಸರೆತ್ತಲಿಲ್ಲ.

ಅವರು ಬೈದಿದ್ದರೆ ನಾನು ಸುಮ್ಮನೇ ಇರುತ್ತಿದ್ದೆನೋ ಏನೋ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಕುದಿನೀರಾಗೆ ಹಾಕಿ ಬಡಿದಾಕಿ ನಾನು. ಬ್ಯಾಡ ಅಂತ ಅವರು ಎರಡು ಸಲ ಹೇಳಿದ್ರು" ಅಂದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಉಣ್ಣೀನ ಒಗದೇನೇ?"

"ಹೂಂ."

"ಕಲ್ಲಿಗೆ ಬಡದೇನೇ?"

"ಹೂಂ."

"ಮೇಲೆ ಕೂತು ಜಗ್ಗೀನಿ" ಅಂತಲೂ ಸೇರಿಸಿದೆ, ಹೇಳುವುದೇ ಆದಮೇಲೆ ಪೂರ್ತಿ ಹೇಳೋಣ ಅಂತ. ಒಳಗೆ ಮಾವ ಕೆಮ್ಮಿದರು. ಅದು ಕೆಮ್ಮಲ್ಲ, ನಗು. ಅತ್ತೆಗೂ ತಡೆಯಲಾಗಲಿಲ್ಲ. ಕಡ್ಡಿಯಂಥ ಮೈ ಅಲ್ಲಾಡಿ ಅಲ್ಲಾಡಿ ನಕ್ಕರು. ಮರುಕ್ಷಣವೇ ಕಣ್ಣೊರೆಸಿಕೊಂಡು, "ಬಾಯಿ ಬಿಡಾಕ ಮೂರು ದಿನ ಬೇಕಾತಾ? ನಡಿ. ನಾಲ್ಕು ಮನಿಗೂ ನಾನು ಸುಳ್ಳು ಹೇಳಿ ಬಂದೀನಿ, ನೀನು ನಿಜ ಹೇಳಿ ಬಾ" ಅಂದರು.

ಹೊರಟೆವು. ಕುಗ್ಗಿದ ಆಸನ ನನ್ನ ತಲೆಯ ಮೇಲೆ, ಅತ್ತೆ ಹಿಂದೆ, ಅವರ ಹಿಂದೆ ಬ್ಯಾಡ್ರಿ ಬ್ಯಾಡ್ರಿ ಅನ್ನುತ್ತ ಇಮಾಮ್‌ಸಾಬರು. ಮೊದಲ ಮನೆಯಲ್ಲಿ ತಲೆ ತಗ್ಗಿಸಿ ಹೇಳಿದೆ. ಎರಡನೆಯದರಲ್ಲಿ ಅವರು ನಕ್ಕರು, ನಾನೂ ನಕ್ಕೆ. ಮೂರನೆಯ ಮನೆಯಲ್ಲಿ ಹೇಗೆ ಬಡಿದೆ, ಹೇಗೆ ಉರುಳಿದೆ ಅಂತ ಪಡಸಾಲೆಯಲ್ಲಿ ಕುಣಿದೇ ತೋರಿಸಿದೆ. ಅವರು ಒಂದಿದ್ದದ್ದು ಎರಡು ಆಸನ ಹೇಳಿದರು. ನಾಲ್ಕನೆಯ ಮನೆಗೆ ಬೀಗ. ಎಣ್ಣೆ ಗಾಣದ ಎದುರಿನ ನೀಲಿ ಬಾಗಿಲಿನವರು, ಆ ಬೆಳಗ್ಗೆಯೇ ವ್ಯಾಪಾರ ಮುಚ್ಚಿಕೊಂಡು ಬೇರೆ ಊರಿಗೆ ಹೋಗಿದ್ದರು. ಯಾವ ಊರೋ ಯಾರಿಗೂ ತಿಳಿಯದು.

ಇಮಾಮ್‌ಸಾಬರು ಕುಗ್ಗಿದ ತುಂಡನ್ನು ನೋಡಿ, "ನನ್ನ ಕೈಯಾಗೂ ಇಷ್ಟು ಗಟ್ಟಿ ಬಂದಿಲ್ಲ ತಾಯಿ" ಅಂದು ದೊಡ್ಡ ಕತ್ತರಿ ತೆಗೆದರು. ಒಂದು ಎಲೆಅಡಿಕೆ ಚೀಲ, ಮಾವನ ಚಪ್ಪಲಿಗೆ ಒಳಹಾಸು, ಬಿಸಿ ಪಾತ್ರೆ ಇಳಿಸಲು ಎರಡು ತುಂಡು. ಕತ್ತರಿಸಿದ ಅಂಚು ಒಂದೆಳೆಯೂ ಬಿಡಲಿಲ್ಲ. ಆಮೇಲೆ ಅತ್ತೆ ಪೇಟೆಗೂ ನನ್ನನ್ನು ಕಳಿಸಿದರು. "ತಪ್ಪು ಮಾಡಿದಾಕಿಗೆ ಮಾಲು ಗೊತ್ತಾಗ್ತೈತೆ" ಅನ್ನುವುದು ಅತ್ತೆಯ ಲೆಕ್ಕ.

ಈ ಕಥೆಯನ್ನು ಎಷ್ಟೋ ಮನೆಯಲ್ಲಿ ಹೇಳಿ ನಗಿಸಿದ್ದೇನೆ. ಮೊನ್ನೆ ಆಟೋ ಇಳಿದ ಮೇಲೆ ಹೊಳೆಯಿತು, ಯಾರಿಗೆ ಹೇಳಬೇಕಿತ್ತೋ ಅವರಿಗೇ ಹೇಳಿಲ್ಲ. ಬರೆಯಲು ಕೂತದ್ದು ಅದಕ್ಕೇ. ನೀಲಿ ಬಾಗಿಲಿನ ಮನೆಯವರ ಮಕ್ಕಳೋ ಮೊಮ್ಮಕ್ಕಳೋ ಇದನ್ನು ಓದುತ್ತಿದ್ದರೆ ಕೇಳಿರಿ: ಹರಿಹರದ ಇಮಾಮ್‌ಸಾಬರು ನಿಮ್ಮ ಹಿರಿಯರಿಗೆ ಮೋಸದ ಮಾಲು ಕೊಡುವವರಾಗಿರಲಿಲ್ಲ. ಒಗೆದವಳು ನಾನು.