ಮಡಿಕೇರಿಯ ಕಣಿವೆ ಮೇಲೆ ನಮ್ಮತ್ತೆ

ಬೆಳಿಗ್ಗೆ ಆರೂಕಾಲಿಗೆ ಕತ್ರಿಗುಪ್ಪೆಯಿಂದ ಆಟೋ ಹಿಡಿದು ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಬಂದೆವು, ನಾನು ಮತ್ತು ನನ್ನ ಅತ್ತೆ ಶಾಂತಮ್ಮ. ಕೆಂಪು ಬಸ್ಸು, ಆಧಾರ್ ಕಾರ್ಡ್ ತೋರಿಸಿದ್ದಕ್ಕೆ ಇಬ್ಬರಿಗೂ ಸೊನ್ನೆ ರೂಪಾಯಿ ಟಿಕೆಟ್ಟು. ಅತ್ತೆಗೆ ಅರವತ್ತನಾಲ್ಕು. ನಮ್ಮ ದಿನಸಿ ಅಂಗಡಿಯ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ಹೋದ ತಿಂಗಳು ಮೊಬೈಲಿನಲ್ಲಿ ಯಾರೋ ಹೆಂಗಸು ತಂತಿಗೆ ಜೋತುಬಿದ್ದು ಕಣಿವೆ ದಾಟುವುದನ್ನು ನೋಡಿ, "ನಾನೂ ಒಂದ್ಸಲ ಹಿಂಗೆ ಹಾರ್ಬೇಕು ಕಣೇ ಗಿರಿಜಾ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. ಸೀರೆಯಲ್ಲಿ ಹಾರಲು ಬಿಡುವುದಿಲ್ಲವೆಂದು ಅದ್ಯಾರನ್ನೋ ವಿಚಾರಿಸಿಕೊಂಡು, ಜಯನಗರ ನಾಲ್ಕನೇ ಬ್ಲಾಕಿಗೆ ಒಬ್ಬರೇ ಹೋಗಿ, ಜೀವಮಾನದ ಮೊದಲ ಚೂಡಿದಾರ ಕೊಂಡು ತಂದರು. ಇನ್ನು ಹೊರಡದೆ ವಿಧಿಯಿರಲಿಲ್ಲ.

ಮೈಸೂರು, ಹುಣಸೂರು, ಕುಶಾಲನಗರ. ಅಲ್ಲಿಂದ ರಸ್ತೆ ಸುತ್ತಿ ಸುತ್ತಿ ಮೇಲೇರಿತು, ನನಗೆ ತಲೆ ಸುತ್ತಿತು. ಅತ್ತೆ ಮಾತ್ರ ಕಿಟಕಿಗೆ ಅಂಟಿಕೊಂಡು ಕಾಫಿ ಗಿಡ ಎಣಿಸುವವರ ಹಾಗೆ ಕೂತಿದ್ದರು. ಮಡಿಕೇರಿ ಮುಟ್ಟುವಷ್ಟರಲ್ಲಿ ಒಂದು ಗಂಟೆ. ಬಸ್ ನಿಲ್ದಾಣದ ಸುತ್ತ ಹಂದಿ ಮಾಂಸದ ಬೋರ್ಡುಗಳನ್ನು ಕಂಡು ಅತ್ತೆ ಮೂಗಿಗೆ ಸೆರಗು ಹಿಡಿದರು. ನಾವು ಇಳಿದುಕೊಂಡ ಮನೆಯ ಒಡತಿ ಮಾತ್ರ ಫೋನಿನಲ್ಲಿ ಹೇಳಿದ್ದನ್ನು ನೆನಪಿಟ್ಟು ಬೇರೆ ಪಾತ್ರೆಯಲ್ಲೇ ಅಡುಗೆ ಮಾಡಿದ್ದರು. ಕೊಡಗಿನವರು ಒಟ್ಟಿ ಅನ್ನುವ ಬಿಸಿ ಅಕ್ಕಿ ರೊಟ್ಟಿ, ಎಳ್ಳಿನ ಚಟ್ನಿ. ಅತ್ತೆ ನಾಲ್ಕು ತಿಂದರು.

ಸಂಜೆ ಗದ್ದುಗೆಗೆ ಹೋದೆವು. ಕೊಡಗನ್ನಾಳಿದ ರಾಜರ ಸಮಾಧಿಗಳು ಅವು. ಹೊರಗಿನಿಂದ ಗುಮ್ಮಟ, ಮೂಲೆಗಳಲ್ಲಿ ಮಿನಾರು, ಒಳಗೆ ಶಿವಲಿಂಗ. "ನೋಡೇ, ಹೊರಗೆ ದರ್ಗಾ ಇದ್ದಂಗಿದೆ, ಒಳಗೆ ನಮ್ಮ ಶಿವ!" ಎಂದು ಅತ್ತೆ ಹಿಗ್ಗಿದರು. ಆ ರಾಜರೂ ನಮ್ಮ ಹಾಗೆ ಲಿಂಗ ಕಟ್ಟಿದವರು ಎಂದು ಕೇಳಿ, ಸೆರಗಿನೊಳಗೆ ಕೈಯಿಟ್ಟು ತಮ್ಮ ಕರಡಿಗೆ ಮುಟ್ಟಿಕೊಂಡರು. ಆ ಪುಟ್ಟ ಬೆಳ್ಳಿ ಭರಣಿಯಲ್ಲಿ ಅವರ ಇಷ್ಟಲಿಂಗವಿದೆ. ತೊಟ್ಟಿಲಲ್ಲಿದ್ದಾಗ ಗುರುಗಳು ಕಟ್ಟಿದ್ದು, ಪೂಜೆಗೆ ಅಂಗೈಗೆ ಬರುವುದು ಬಿಟ್ಟರೆ ಮೈಯಿಂದ ಬೇರೆಯಾಗಿಲ್ಲ. ಆಮೇಲೆ ಇನ್ನೊಬ್ಬರ ಕೈ ಅದಕ್ಕೆ ಸೋಕಿಲ್ಲ. ನನ್ನದು ಹತ್ತು ವರ್ಷದಿಂದ ದೇವರ ಮನೆಯ ಡಬ್ಬಿಯಲ್ಲಿದೆ. ಅತ್ತೆ ಅದರ ಬಗ್ಗೆ ಒಂದು ಮಾತೂ ಆಡಿದವರಲ್ಲ. ಆಡಿದ್ದರೆ ಒಂದು ಜಗಳವಾದರೂ ಆಡಿ ಹಗುರಾಗುತ್ತಿದ್ದೆ.

ಮರುದಿನ ಪೂಜೆ, ತಿಂಡಿ ಮುಗಿಸಿ ಜೀಪಿನಲ್ಲಿ ಹನ್ನೆರಡು ಕಿಲೋಮೀಟರ್ ಹೋದೆವು. ಬೆಟ್ಟದ ತುದಿಯಲ್ಲಿ ಕಬ್ಬಿಣದ ಅಟ್ಟಣಿಗೆ, ಅಲ್ಲಿಂದ ಎದುರು ಗುಡ್ಡಕ್ಕೆ ತಂತಿ. ಮಂಜು ಆಗಷ್ಟೇ ಕರಗುತ್ತಿತ್ತು. ಹಾರುವವರ ಮೈಗೆ ಪಟ್ಟಿ ಕಟ್ಟುವ ಕೆಲಸ ಪೊನ್ನಮ್ಮ ಎಂಬ ಗಟ್ಟಿ ಹೆಂಗಸಿನದು.

"ಬಿ.ಪಿ., ಶುಗರ್ ಏನಾದ್ರೂ ಉಂಟಾ ಆಂಟಿ?"

"ಶುಗರ್ ಇದೆ. ಧೈರ್ಯಾನೂ ಇದೆ, ಕಟ್ಟಮ್ಮ."

ಪೊನ್ನಮ್ಮ ನಕ್ಕು ಹೆಲ್ಮೆಟ್ ಹಾಕಿದರು. ಆಮೇಲೆ ಕತ್ತಿನ ದಾರ ಕಂಡು, "ಇದು ತೆಗೀಬೇಕು ಆಂಟಿ. ಕತ್ತಿನಲ್ಲಿ ಏನೂ ಇರಬಾರದು. ಪಟ್ಟಿಗೆ ಸಿಕ್ಕಿಕೊಂಡರೆ ಕತ್ತು ಬಿಗಿತದೆ" ಅಂದರು.

ಅತ್ತೆಯ ಕೈ ಕರಡಿಗೆಯ ಮೇಲೆ ಹೋಯಿತು. ಹಿಂದೆ ಜನ ಕಾಯುತ್ತಿದ್ದರು. ನಾನು ಅವಸರದವಳು, ಕೈ ಚಾಚಿಬಿಟ್ಟೆ. "ಕೊಡಿ ಅತ್ತೆ, ನನ್ನ ಬ್ಯಾಗಲ್ಲಿ ಇಟ್ಕೊಂಡಿರ್ತೀನಿ. ಐದ್ ನಿಮಿಷ ತಾನೆ?"

ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. "ಬೇಡ ಬಿಡು. ನೋಡಿದ್ದಾಯ್ತಲ್ಲ, ನಡಿ ಹೋಗೋಣ" ಎಂದು ಹೆಲ್ಮೆಟ್ಟಿನ ಕೊಂಡಿ ತಡಕಾಡತೊಡಗಿದರು. ಹೊಸ ಚೂಡಿದಾರದ ಇಸ್ತ್ರಿ ಗೆರೆ ಇನ್ನೂ ಮುರಿದಿರಲಿಲ್ಲ. ನಾನು ಡಬ್ಬಿಗೆ ಹಾಕಿಟ್ಟಂತೆ ಅವರೂ ಇಟ್ಟುಬಿಡಲಿ ಅಂದೆನಲ್ಲ ಎಂದು ನಾಚಿಕೆಯಾಯಿತು.

"ಅತ್ತೆ, ಕತ್ತಲ್ಲೇ ಇರ್ಬೇಕಾ?" ಎಂದೆ.

"ಮೈ ಮೇಲಿದ್ರೆ ಆಯ್ತು. ಹೊಕ್ಕುಳಿಂದ ಕೆಳಗೆ ಇಳೀಬಾರ್ದು."

ನನ್ನ ವೇಲಿನ ಅಂಚನ್ನು ಹಲ್ಲಲ್ಲಿ ಕಚ್ಚಿ ಸರ್‍ರೆಂದು ಹರಿದೆ. ಒಳ್ಳೆ ವೇಲು, ಹಾಳಾಗಿ ಹೋಗಲಿ. "ತೋಳಿಗೆ ಕಟ್ಟಿದ್ರೆ?" ಎಂದು ಪೊನ್ನಮ್ಮನನ್ನು ಕೇಳಿದೆ. ಅವರು ಪಟ್ಟಿಗಳನ್ನು ನೋಡಿ, "ತೋಳಿಗಾದರೆ ಅಡ್ಡಿಯಿಲ್ಲ" ಅಂದರು. ಅತ್ತೆ ಕಣ್ಣು ಮುಚ್ಚಿ, ದಾರ ಬಿಚ್ಚಿ, ಕರಡಿಗೆಯನ್ನು ತಾವೇ ಎಡದೋಳಿಗೆ ಒತ್ತಿ ಹಿಡಿದರು. ಆದರೆ ಒಂದೇ ಕೈಯಲ್ಲಿ ಹಿಡಿಯುವುದೂ ಕಟ್ಟುವುದೂ ಹೇಗೆ? ನಾನು ಬಟ್ಟೆ ಹಿಡಿದು ನಿಂತೇ ಇದ್ದೆ.

"ನಾನು ಮುಟ್ಬಹುದಾ ಅತ್ತೆ?"

"ಕಟ್ಟೇ. ನೀನೇನು ಹೊರಗಿನೋಳಾ?"

ಮೂರು ಸುತ್ತು ಸುತ್ತಿ ಎರಡು ಗಂಟು ಹಾಕಿದೆ. ಬೆಳ್ಳಿ ಅವರ ಮೈಯಷ್ಟೇ ಬೆಚ್ಚಗಿತ್ತು. ಪೊನ್ನಮ್ಮ ಪಟ್ಟಿಗಳನ್ನು ಬಿಗಿದು, ಎಳೆದು ನೋಡಿ, ಅತ್ತೆಯ ಬೆನ್ನು ತಟ್ಟಿ, ಬಿಟ್ಟರು. ಅತ್ತೆ ಕಿರುಚುತ್ತಾರೆ ಅಂದುಕೊಂಡಿದ್ದೆ. "ಶಿವಾ!" ಎಂದೊಂದು ಕೂಗು, ಆಮೇಲೆ ಬರೀ ನಗು. ಆ ನಗು ಕಣಿವೆಯಾಚೆ ಸೇರುವ ತನಕ ಕೇಳಿಸಿತು. ನಾನು ಅಟ್ಟಣಿಗೆಯ ಕಂಬಿ ಹಿಡಿದು ಅತ್ತುಬಿಟ್ಟೆ.

ಮಧ್ಯಾಹ್ನ ಹನ್ನೆರಡರ ಬಸ್ಸಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕುಶಾಲನಗರ ದಾಟಿದ ಮೇಲೆ ಅತ್ತೆ ಒಮ್ಮೆ ತಿರುಗಿ ಬೆಟ್ಟಗಳನ್ನು ನೋಡಿದರು. ತೋಳಿನ ಬಟ್ಟೆ ಹಾಗೇ ಇತ್ತು.

"ಬಿಗಿಯಾಗಿದೆಯೇನೋ ಅತ್ತೆ. ಬಿಚ್ಚಿಕೊಡ್ಲಾ? ಕತ್ತಿಗೆ ಹಾಕ್ಕೊಳ್ಳಿ."

ಅವರು ಆ ಗಂಟಿನ ಮೇಲೆ ಅಂಗೈ ಇಟ್ಟುಕೊಂಡು ಸೀಟಿಗೆ ಒರಗಿದರು.

"ಮನೆ ತನಕ ಇರ್ಲಿ ಬಿಡೇ. ನೀನು ಕಟ್ಟಿರೋದು."