ದಿನದ ಮೊದಲ ಚಾವಿ

ಎರಡೂ ಮುಂಗೈ ತುಂಬ ಹಸಿರು ಗಾಜಿನ ಬಳೆ, ಬಳೆಗಳ ಮೇಲೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಕಪ್ಪು ರಬ್ಬರ್ ಪಟ್ಟಿ. ಹೈದರಾಬಾದಿನ ಬಾಲಾನಗರದ ಸ್ಪೇರ್ ಪಾರ್ಟ್ಸ್ ಅಂಗಡಿಯ ಅಕ್ಕ ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಆ ಪಟ್ಟಿ. ಯಾವುದಾದರೂ ಇಂಜಿನ್ನಿನ ಸಪ್ಪಳ ಕೇಳಬೇಕಾದಾಗ ಅವರು ಬಳೆಗಳನ್ನು ಮೊಣಕೈಯವರೆಗೆ ತಳ್ಳಿ, ಅಲುಗದಂತೆ ಪಟ್ಟಿ ಬಿಗಿ ಮಾಡುತ್ತಿದ್ದರು. "ಇವು ಬಾಯಿ ಮುಚ್ಚಿದ್ರ ಇಂಜಿನ್ ಬಾಯಿ ಬಿಡತೈತಿ" ಎನ್ನುತ್ತಿದ್ದರು.

ಅಂಗಡಿ ಎಂದರೆ ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವನು ರಸ್ತೆಯಲ್ಲಿ ಕಾಯಬೇಕಾದಷ್ಟು ಇಕ್ಕಟ್ಟು. ಅಕ್ಕನ ಯಜಮಾನರಿಗೆ ಅಲ್ಲೇ ಸಮೀಪದ ಸರ್ಕಾರಿ ಕಾರ್ಖಾನೆಯಲ್ಲಿ ನೌಕರಿ. ಅಕ್ಕನ ತವರು ಬೀದರ ಕಡೆ. ತಂದೆ ಬಸ್ ಡಿಪೋದಲ್ಲಿ ಮೇಸ್ತ್ರಿಯಾಗಿದ್ದರಂತೆ, ಗ್ರೀಸಿನ ವಾಸನೆಯಲ್ಲೇ ಬೆಳೆದ ಹೆಣ್ಣುಮಗಳು. ತೆಲುಗಿನವರು ಬಂದರೆ ತೆಲುಗು, ಸಾಬರು ಬಂದರೆ ಹೈದರಾಬಾದಿ ಹಿಂದಿ, ನಾನು ಹೋದರೆ ನಮ್ಮ ಕಡೆಯ ಕನ್ನಡ. ಬೈಗುಳ ಮಾತ್ರ ಎಲ್ಲರಿಗೂ ಕನ್ನಡದಲ್ಲೇ. ಅದರ ಅರ್ಥ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಬೇರೆ ಅಂಗಡಿಗಳಲ್ಲಿ ಸಾಮಾನಿನ ಹೆಸರು ಹೇಳಿದರೆ ಸಾಮಾನು ಬರುತ್ತದೆ. ಇಲ್ಲಿ ಮೊದಲು ಪ್ರಶ್ನೆ ಬರುತ್ತಿತ್ತು. ಇಂಜಿನ್ ಯಾವಾಗ ಗರಗರ ಬಡಿಯುತ್ತದೆ? ತಣ್ಣಗಿದ್ದಾಗಲೋ, ಬಿಸಿ ಆದ ಮೇಲೋ? ಆಯಿಲ್ ಯಾರು ಹಾಕಿದ್ದು? ಉತ್ತರ ಸರಿ ಬರದಿದ್ದರೆ ಡಬ್ಬಿ ಮತ್ತೆ ಅಟ್ಟಕ್ಕೆ. "ಅಕ್ಕನ ಅಂಗಡ್ಯಾಗ ಸಾಮಾನು ತಗೊಳ್ಳೂದಂದ್ರ ಹೆಣ್ಣು ಕೇಳಾಕ ಹೋದಂಗ" ಎಂದು ನಾವು ಮೆಕ್ಯಾನಿಕ್ಕರು ನಗುತ್ತಿದ್ದೆವು. ಆದರೂ ಅಲ್ಲಿಗೇ ಹೋಗುತ್ತಿದ್ದೆವು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಪುಸ್ತಕ ಇಟ್ಟ ಕೈ ಮರುದಿನವೇ ನಟ್ಟು ಬಿಚ್ಚುವ ಪಾನ ಹಿಡಿಯಿತು, ಇವತ್ತಿನವರೆಗೂ ಬಿಟ್ಟಿಲ್ಲ. ಬೇರೆಯವರ ಗ್ಯಾರೇಜುಗಳಲ್ಲಿ ವರ್ಷಗಟ್ಟಲೆ ದುಡಿದು, ಬಾಲಾನಗರದ ಒಂದು ಗಲ್ಲಿಯಲ್ಲಿ ನನ್ನದೇ ತಗಡಿನ ಶೆಡ್ಡು ಹಾಕಿದ್ದೆ. ನನ್ನ ಕೆಲಸದ ಮೇಲೆ ನನಗೆ ಅಭಿಮಾನವಿತ್ತು, ಈಗಲೂ ಇದೆ. ಹಾಗಾಗಿ ಅಕ್ಕನ ಪ್ರಶ್ನೆಗಳು ನನಗೆ ಚುಚ್ಚುತ್ತಿದ್ದವು. ಗಾಡಿ ಬಿಚ್ಚುವವನು ನಾನು, ಪರೀಕ್ಷೆ ಮಾಡುವವರು ಇವರೇ?

ಹೀಗಿರುವಾಗ ಒಬ್ಬ ಕ್ಯಾಬ್ ಡ್ರೈವರ್ ನನ್ನ ಶೆಡ್ಡಿಗೆ ಬಂದ. ಜಹೀರಾಬಾದ್ ಕಡೆಯವನು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಹಳೆಯ ಕಾರು, ಆದರೆ ಸ್ವಂತದ್ದು. ದಿನಾ ಬೆಳಿಗ್ಗೆ ಕೊಂಡಾಪುರದಿಂದ ಗಚ್ಚಿಬೌಲಿಯ ಕಂಪನಿಗೆ ನೌಕರರನ್ನು ಬಿಡುವ ರೂಟು ಅವನದು. ಅವನ ಮನೆ ನಡೆಯುತ್ತಿದ್ದುದೇ ಆ ಒಂದು ರೂಟಿನ ಮೇಲೆ.

"ಅಣ್ಣಾ, ಮುಂಜಾನೆ ಯಾವಾಗರೆ ಒಮ್ಮೊಮ್ಮೆ ಇಂಜಿನ್ ಮುಂದಿಂದ ಗರಗರ ಅಂತೈತಿ. ದಿನಾ ಅಲ್ಲ. ಒಂದು ಗ್ಯಾರೇಜಿನ್ಯಾಗ ಟೈಮಿಂಗ್ ಚೈನ್ ಹೋಗೇತಿ ಅಂದ್ರು. ನೀವು ನೋಡ್ರಿ" ಎಂದ.

ಇಂಜಿನ್ನಿನ ಮುಂಭಾಗದಲ್ಲಿ, ಮುಚ್ಚಳದ ಒಳಗೆ ಈ ಚೈನು ಇರುತ್ತದೆ. ಕೆಳಗಿನ ತಿರುಗಾಟವನ್ನು ಮೇಲಿನ ವಾಲ್ವುಗಳಿಗೆ ತಾಳ ತಪ್ಪದಂತೆ ಮುಟ್ಟಿಸುವುದು ಅದರ ಕೆಲಸ. ಸಡಿಲಾಗಿ ಚಕ್ರದ ಒಂದು ಹಲ್ಲು ದಾಟಿ ಹಾರಿತೆಂದರೆ ವಾಲ್ವು ಬಾಗಿ ಇಂಜಿನ್ನೇ ಮುಗಿಯಿತು. ಬದಲಿಸೋಣವೆಂದರೆ ಇಂಜಿನ್ನಿನ ಮುಂಭಾಗವೆಲ್ಲ ಬಿಚ್ಚಬೇಕು, ಗಾಡಿ ಕೆಲವು ದಿನ ನಿಲ್ಲಬೇಕು. ನಿಂತರೆ ರೂಟು ಇನ್ನೊಬ್ಬನ ಪಾಲು. ಬದಲಿಸದಿದ್ದರೆ ಇಂಜಿನ್ನಿಗೆ ಅಪಾಯ, ಬದಲಿಸಿದರೆ ಅನ್ನಕ್ಕೆ. ಅವನ ಮುಖದಲ್ಲಿ ಅದೇ ಬರೆದಿತ್ತು.

ನಾನು ಇಂಜಿನ್ನಿಗೆ ಕಿವಿಗೊಟ್ಟೆ. ಟ್ರಾಫಿಕ್ಕಿನಲ್ಲಿ ಬೆವೆತು ಬಂದ ಗಾಡಿ, ಹಾಲಿನಂತೆ ನಡೆಯುತ್ತಿತ್ತು. ಫ್ಯಾನ್ ಬೆಲ್ಟಿನ ಸಪ್ಪಳ ಬೆರೆಯದಿರಲೆಂದು ಅದನ್ನು ಬಿಚ್ಚಿ ಒಂದು ಕ್ಷಣ ಚಾಲೂ ಮಾಡಿದೆ, ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಮುಚ್ಚಳಕ್ಕೆ ಒತ್ತಿ ಹಿಡಿಯನ್ನು ಕಿವಿಗಿಟ್ಟೆ. ಏನೂ ಇಲ್ಲ. ಆದರೂ ವಯಸ್ಸಾದ ಇಂಜಿನ್ನು, ಚೈನೇ ಇರಬೇಕೆಂದು ನನಗೂ ಅನ್ನಿಸಿತು. ಅಂಗಡಿಗೆ ಹೋದೆ.

"ಚೈನ್ ಕಿಟ್ ಐತಿ. ಯಾವಾಗ ಬಡಿತೈತಿ?" ಅಕ್ಕ ಕೇಳಿದರು.

"ಒಮ್ಮೊಮ್ಮೆ ಅಂತಾನ್ರಿ."

"ಒಮ್ಮೊಮ್ಮೆ ಬಡಿಯಾಕ ಅದೇನು ಅತ್ತಿ ಕೈಯೇನು? ಆ ಗಾಡೀದು ದಿನದ ಮೊದಲ ಚಾವಿ ಯಾರು ತಿರುವತಾರ?"

"ಅವನ ಗಾಡಿ, ಅವನೇ ತಿರುವತಾನ್ರಿ."

"ಕೇಳೀಯೇನು?"

ಕೇಳಿರಲಿಲ್ಲ. ಡಬ್ಬಿ ಅಟ್ಟಕ್ಕೆ ಹೋಯಿತು. ಸಿಟ್ಟು ಬಂತು. ಪಕ್ಕದ ಅಂಗಡಿಯಲ್ಲಿ ಕೊಳ್ಳಬಹುದಿತ್ತು, ಆದರೆ ಹಾಗೆ ಕೊಂಡರೆ ಸೋತಂತೆ. ಮರುದಿನ ಒಂದು ಯುಕ್ತಿ ಮಾಡಿದೆ. ನಮ್ಮ ಕಡೆ ಬೋಣಿಯ ಗಿರಾಕಿಯನ್ನು ಯಾವ ಅಂಗಡಿಯವರೂ ಬರಿಗೈಲಿ ಕಳಿಸುವುದಿಲ್ಲ. ದಿನದ ಮೊದಲ ವ್ಯಾಪಾರ ಮುರಿದರೆ ಇಡೀ ದಿನ ಮುರಿಯಿತೆಂದು ನಂಬಿಕೆ. ಅಕ್ಕ ಶಟರ್ ಎತ್ತಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಹೋಗಿ ನಿಂತು, "ಚೈನ್ ಕಿಟ್ ಕೊಡ್ರಿ ಅಕ್ಕಾ" ಎಂದೆ.

ಅಕ್ಕ ಬೆಂಕಿಕಡ್ಡಿ ಹಿಡಿದುಕೊಂಡೇ ತಿರುಗಿ ನೋಡಿ ಜೋರಾಗಿ ನಕ್ಕರು. "ಬೋಣಿ ಹೊತ್ತು ನೋಡಿ ಬಂದೀಯೇನೋ, ಕಳ್ಳ! ಇಂಥಾ ಬುದ್ಧಿ ಇಂಜಿನ್ ಮ್ಯಾಲ ಓಡಿಸಿದ್ರ ಉಸ್ತಾದ ಅಂತಿದ್ದೆ." ಎರಡು ಸ್ಪಾರ್ಕ್ ಪ್ಲಗ್ ತೆಗೆದು ನನ್ನ ಕೈಗಿಟ್ಟರು. "ಇವು ತಗೋ, ಬೋಣಿ ಆತು. ನಾಳೆ ನಸುಕಿನ್ಯಾಗ ಬಾ. ಅವನ ಮನೀಗೆ ನಾನೂ ಬರ್ತೀನಿ."

ಡಿಸೆಂಬರಿನ ಚಳಿ. ಅಕ್ಕ ತಲೆ ಮೇಲೆ ಶಾಲು ಹೊದ್ದು ನನ್ನ ಮೋಟರ್‌ಸೈಕಲ್ಲಿನ ಹಿಂದೆ ಕೂತರು. ಕೊಂಡಾಪುರದಲ್ಲಿ ಎತ್ತರದ ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ಉಳಿದಿರುವ ಹಳೇ ಊರಿನ ಗಲ್ಲಿಯಲ್ಲಿ ಡ್ರೈವರನ ಮನೆ. ನಾವು ಹೋಗುವಾಗ ಅವನು ಬಾಯಲ್ಲಿ ಬ್ರಷ್ ಇಟ್ಟುಕೊಂಡು ನಿಂತಿದ್ದ.

"ಸರಿ ಟೈಮಿಗೆ ಬಂದ್ರಿ ಅಕ್ಕಾ. ಗಾಡಿ ಇನ್ನೂ ಚಾಲೂನ ಮಾಡಿಲ್ಲ ನೋಡ್ರಿ."

ಅವನ ಬೆನ್ನ ಹಿಂದೆಯೇ ಕಾರು ಹೊಗೆ ಬಿಡುತ್ತ ನಡೆಯುತ್ತಿತ್ತು. ಅವನ ಅಪ್ಪ, ಹೆಗಲ ಮೇಲೆ ಟವೆಲ್ ಹಾಕಿಕೊಂಡ ಮುದುಕ, ಬಾನೆಟ್ಟಿಗೆ ನೀರು ಚಿಮುಕಿಸಿ, ಊದಿನಕಡ್ಡಿಯಿಂದ ಬೆಳಗುತ್ತಿದ್ದ.

ಅಕ್ಕ ಕಾರನ್ನು ನೋಡಿದರು, ಡ್ರೈವರನ್ನು ನೋಡಿದರು. "ಮತ್ತ ಇದು ಏನು ನಡಿಯಾಕತ್ತೈತಿ?"

"ಅದಾ? ಅದು ಪೂಜಾದ್ದು, ಅಕ್ಕಾ. ಅಪ್ಪ ದಿನಾ ಮಾಡ್ತಾರ. ನಾ ಇನ್ನೂ ಚಾಲೂ ಮಾಡಿಲ್ಲ."

ಅವನೇನು ಸುಳ್ಳು ಹೇಳುತ್ತಿರಲಿಲ್ಲ. ಮಲಗಿದ ಗಾಡಿಗೆ ಪೂಜೆ ಸಲ್ಲದು ಎಂದು ಅವನ ಅಪ್ಪ ಮೊದಲು ಇಂಜಿನ್ ಎಬ್ಬಿಸಿ, ಆಮೇಲೆ ಬೆಳಗಿ, ಗಾಡಿ ಬಂದ್ ಮಾಡಿ ಒಳಗೆ ಹೋಗುತ್ತಿದ್ದ. ಆಮೇಲೆ ಮಗ ಬಂದು ಚಾವಿ ತಿರುಗಿಸುವಾಗ ಇಂಜಿನ್ ಆಗಲೇ ಬೆಚ್ಚಗಿರುತ್ತಿತ್ತು. ಮಗನ ಲೆಕ್ಕದಲ್ಲಿ ದೇವರ ಚಾವಿ ಚಾವಿಯೇ ಅಲ್ಲ. ಎಂದೋ ಅಪ್ಪನಿಗೆ ಮೈ ಸರಿಯಿಲ್ಲದೆ ಪೂಜೆ ತಪ್ಪಿದ ದಿನ ಮಾತ್ರ ಅವನಿಗೆ ಗರಗರ ಕೇಳಿಸುತ್ತಿತ್ತು. ಅದಕ್ಕೇ 'ಒಮ್ಮೊಮ್ಮೆ'.

ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. ಕಟ್ಟೆಯ ಮೇಲೆ ಮುದುಕನ ಪಕ್ಕ ಕೂತು, "ಕಾಕಾ, ನೀವು ಚಾವಿ ತಿರುವಿದ ಕೂಡ್ಲೆ ಸಪ್ಪಳ ಬರತೈತೇನು?" ಎಂದು ಕೇಳಿದರು.

"ಬರತೈತ್ರೆವ್ವಾ. ಡಬ್ಬ್ಯಾಗ ಗೋಲಿ ಹಾಕಿ ಅಳ್ಳಾಡಿಸಿದಂಗ. ನಾ ಕಡ್ಡಿ ಗೀರಿ ಊದಿನಕಡ್ಡಿ ಹಚ್ಚೂದ್ರಾಗ ಸುಮ್ಮನಾಗತೈತಿ."

"ಮೊದಲಿಂದ ಹಿಂಗೇನು?"

"ಏ, ಇಲ್ಲ. ದಸರಾ ಆದಮ್ಯಾಲೆ."

"ಮಗಗ ಯಾಕ ಹೇಳಿಲ್ಲ?"

ಮುದುಕ ಬೊಚ್ಚುಬಾಯಿ ಬಿಟ್ಟು ನಕ್ಕ. "ಅಂವ ಯಾವತ್ತು ಕೇಳ್ಯಾನ?"

ದಸರೆಗೆ ಗಾಡಿ ತೊಳೆಸಿ, ರಸ್ತೆ ಬದಿಯಲ್ಲಿ ಆಯಿಲ್ ಮತ್ತು ಫಿಲ್ಟರ್ ಬದಲಿಸಿದ್ದನಂತೆ ಡ್ರೈವರ್. ಅಷ್ಟು ಕೇಳಿದ ಮೇಲೆ ನನಗೂ ದಾರಿ ಕಂಡಿತು. ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಆಯಿಲಿನ ಒತ್ತಡದಿಂದ ಕೆಲಸ ಮಾಡುತ್ತದೆ. ಒಳ್ಳೆಯ ಫಿಲ್ಟರಿನಲ್ಲಿ ಆಯಿಲನ್ನು ತಡೆದಿಡುವ ಒಂದು ರಬ್ಬರ್ ಬಾಗಿಲು ಇರುತ್ತದೆ. ಅದು ಕಳಪೆಯಾದರೆ ರಾತ್ರಿಯೆಲ್ಲ ಆಯಿಲ್ ಕೆಳಗಿಳಿದು, ಬೆಳಿಗ್ಗೆ ಅದು ಮತ್ತೆ ಮೇಲೇರುವವರೆಗೆ ಚೈನು ಸಡಿಲಾಗಿ ಬಡಿಯುತ್ತದೆ.

ಆದರೆ ಕಿವಿಯಿಂದ ಕೇಳದೆ ಹೇಳುವಂತಿರಲಿಲ್ಲ. "ನಾಳೆ ಒಂದಿನ ಪೂಜಾ ಬಿಡ್ರಿ" ಎಂದು ನಾನು ಮುದುಕನಿಗೆ ಹೇಳಿದೆ.

ಅವನು ಎದ್ದೇ ನಿಂತ. "ನೀ ಗಾಡಿ ಬೇಕಾದ್ರ ಬಿಚ್ಚು. ಪೂಜಾ ಬಿಡು ಅನಬ್ಯಾಡ."

"ತಮ್ಮಾ, ನೀ ಸುಮ್ನಿರು," ಅಕ್ಕ ನನ್ನನ್ನು ಗದರಿದರು. "ಕಾಕಾ, ಪೂಜಾನೂ ನಿಮ್ದು, ಚಾವೀನೂ ನಿಮ್ದು. ನಾವು ಬಾಜೂಕ ನಿಂತು ಕೇಳ್ತೀವಿ, ಆತಿಲ್ಲೋ?"

ಮರುದಿನ ಕತ್ತಲು ಹರಿಯುವ ಮೊದಲೇ ಹೋದೆವು. ಮುದುಕ ಕೈಮುಗಿದು ಚಾವಿ ತಿರುಗಿಸಿದ. ಸ್ಕ್ರೂಡ್ರೈವರಿನ ಹಿಡಿಯಿಂದ ಆ ಬಡಿತ ಕಿವಿ ದಾಟಿ ನನ್ನ ಹಲ್ಲಿನವರೆಗೆ ಬಂತು. ಅಕ್ಕ ಮುಚ್ಚಳದ ಹತ್ತಿರ ಬಾಗಿ, ಕಣ್ಣು ಮುಚ್ಚಿ ನಿಂತಿದ್ದರು. ಮುದುಕ ಕಡ್ಡಿ ಗೀರಿದ, ಊದಿನಕಡ್ಡಿ ಹೊತ್ತಿತು, ಬಡಿತ ನಿಂತಿತು.

ಅವತ್ತೇ ಮಧ್ಯಾಹ್ನ ಅಕ್ಕನ ಅಂಗಡಿಯ ಫಿಲ್ಟರ್, ಆ ಇಂಜಿನ್ನಿಗೆ ಸರಿಹೊಂದುವ ಆಯಿಲ್ ಹಾಕಿದೆ. ಅದರ ಮರುದಿನ ಬೆಳಿಗ್ಗೆ ಸಪ್ಪಳ ಬಹಳ ಕಡಿಮೆಯಾಗಿತ್ತು. ಹೋಗಿರಲಿಲ್ಲ. ಚಾವಿ ತಿರುಗಿದೊಡನೆ ಒಂದು ಚೂರು ಕೆರೆದು ಸುಮ್ಮನಾಯಿತು.

"ಫಿಲ್ಟರ್ ಒಂದೇ ಅಲ್ರಿ ಅಕ್ಕಾ. ಚೈನೂ ಸವದೈತಿ," ಎಂದೆ.

ಅಕ್ಕ ಇನ್ನೊಮ್ಮೆ ಯೋಚಿಸಿದರು. "ಹೌದು. ನೀ ಹೇಳಿದ್ದೂ ಖರೇ ಐತಿ," ಎಂದರು. ಅಂಥ ಮಾತು ಅವರ ಬಾಯಿಂದ ಸುಲಭಕ್ಕೆ ಬರುತ್ತಿರಲಿಲ್ಲ.

ಡ್ರೈವರನ ಮುಖ ಇಳಿಯಿತು. "ಅಂದ್ರ ಗಾಡಿ ನಿಲ್ಲಸಬೇಕೇನು?"

"ಈಗ ಬ್ಯಾಡ. ಸಂಕ್ರಾಂತಿಗೆ ನಿಮ್ಮ ಕಂಪನಿ ಮಂದಿ ಎಲ್ಲಾ ಊರಿಗೆ ಹೋಗತಾರ, ರೂಟ್ ತಾನೇ ನಿಲ್ಲತೈತಿ. ಅವಾಗ ಬಿಚ್ಚೂಣು."

"ಅಷ್ಟರಾಗ ಹಲ್ಲು ಹಾರಿದ್ರ?" ನಾನು ಕೇಳಿದೆ. ಅದು ಒಣ ಮಾತಲ್ಲ. ಹಾರಿದರೆ ಅವನ ಮನೆ ಮುಳುಗುತ್ತಿತ್ತು.

ಅಕ್ಕ ಮುದುಕನ ಕಡೆ ತಿರುಗಿದರು. "ಕಾಕಾ, ನಿಮ್ಮ ಮ್ಯಾಲೆ ಬಿಟ್ಟೀನಿ. ಊದಿನಕಡ್ಡಿ ಹೊತ್ತಿದ ಮ್ಯಾಲೂ ಬಡಿಯೂದು ನಿಲ್ಲಲಿಲ್ಲ ಅಂದ್ರ, ಅಲ್ಲೇ ಚಾವಿ ಆರಸ್ರಿ. ಮಗ ಏನು ಅಂದ್ರೂ ಕೊಡಬ್ಯಾಡ್ರಿ. ಇವಗ ಫೋನ್ ಮಾಡ್ರಿ," ಎಂದು ನನ್ನನ್ನು ತೋರಿಸಿದರು.

ಮುದುಕನಿಗೆ ಆ ದಿನದಿಂದ ಏನು ಗತ್ತು! ಪೂಜೆ ಮುಗಿಸಿ ನನಗೆ ದಿನಾ ಫೋನು. "ಉಸ್ತಾದ, ಇವತ್ತೂ ಬರೇ ಕೆರಕೊಂಡು ಸುಮ್ಮನಾತು." ನಾನು ಚಹಾ ಕುಡಿಯುತ್ತ ಅದನ್ನು ಅಕ್ಕನಿಗೆ ಮುಟ್ಟಿಸುತ್ತಿದ್ದೆ. ಅಕ್ಕ ಹೂಂ ಎನ್ನುತ್ತಿದ್ದರು, ಅಷ್ಟೆ. ಆದರೆ ಫೋನು ತಡವಾದ ದಿನ ಅವರೇ ಅಂಗಡಿ ಬಿಟ್ಟು ನನ್ನ ಶೆಡ್ಡಿಗೆ ಬಂದು, "ಏನಂತ ಮುದುಕಪ್ಪ?" ಎಂದು ಕೇಳಿದ್ದುಂಟು.

ಸಂಕ್ರಾಂತಿಗೆ ಹೈದರಾಬಾದ್ ಅರ್ಧ ಖಾಲಿಯಾಯಿತು. ಇಂಜಿನ್ ಬಿಚ್ಚಿದೆ. ಚೈನು ಜೋಲುಬಿದ್ದಿತ್ತು, ಅದು ಉಜ್ಜಿಕೊಂಡು ಓಡುವ ಪಟ್ಟಿ ಸವೆದು ಗೀರು ಬಿದ್ದಿತ್ತು. ಅಕ್ಕ ತಾವೇ ಕಿಟ್ಟಿನ ಡಬ್ಬಿ ಹೊತ್ತು ತಂದು ನನ್ನ ಬೆಂಚಿನ ಮೇಲೆ ಇಟ್ಟರು. "ಈಗ ತಗೋ." ಹಬ್ಬದ ದಿನವೇ, ಮನೆಯಿಂದ ತಂದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಪಲ್ಯ ಬಿಚ್ಚಿ ಶೆಡ್ಡಿನಲ್ಲೇ ನಮಗೆಲ್ಲ ಬಡಿಸಿದರು. ರಜೆ ಮುಗಿದು ಕಂಪನಿ ತೆರೆದ ದಿನ ಡ್ರೈವರ್ ರೂಟಿನ ಮೇಲಿದ್ದ.

ಆಮೇಲೆ ನನ್ನ ಶೆಡ್ಡು ದೊಡ್ಡದಾಯಿತು. ಗಿರಾಕಿ ಗಾಡಿ ತಂದರೆ ನಾನು ಮೊದಲು ಅವನ ಮನೆಯ ಬೆಳಗಿನ ಬಗ್ಗೆ ಕೇಳುತ್ತೇನೆ. ಯಾರು ಮೊದಲು ಏಳುತ್ತಾರೆ, ಗಾಡಿ ಒರೆಸುವವರು ಯಾರು, ವಾಚ್‌ಮನ್ ಸರಿಸಿ ನಿಲ್ಲಿಸುತ್ತಾನೋ? ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ತಣ್ಣನೆಯ ಇಂಜಿನ್ ಕೇಳಬೇಕಾದರೆ ಗಾಡಿಯನ್ನು ರಾತ್ರಿ ನನ್ನ ಶೆಡ್ಡಿನಲ್ಲೇ ಮಲಗಿಸುತ್ತೇನೆ. ಇದು ನನಗೆ ಯಾವ ಉಸ್ತಾದನೂ ಕಲಿಸಿದ್ದಲ್ಲ.

ಅಕ್ಕ ಹೋದ ವರ್ಷ ತೀರಿಕೊಂಡರು. ಕಿಡ್ನಿಯ ಕಾಯಿಲೆ, ಬಹಳ ದಿನ ಎಳೆಯಿತು. ಅಂಗಡಿ ಈಗ ಮೊಬೈಲಿನವರ ಕೈಯಲ್ಲಿದೆ. ಕೊನೆಯ ತಿಂಗಳುಗಳಲ್ಲಿ ಗಚ್ಚಿಬೌಲಿಯ ಕಡೆಯ ಆಸ್ಪತ್ರೆಗೆ ಅವರನ್ನು ಕರೆದೊಯ್ಯುತ್ತಿದ್ದವನು ಅದೇ ಡ್ರೈವರ್, ಅದೇ ಕಾರಿನಲ್ಲಿ. ಬೆಳಗಿನ ರೂಟು ಮುಗಿಸಿ ಬಾಲಾನಗರಕ್ಕೆ ಬರುತ್ತಿದ್ದ. ಯಜಮಾನರಿಗೆ ಆಗದ ದಿನ ನಾನು ಜೊತೆಗೆ ಹೋಗುತ್ತಿದ್ದೆ.

ಅಕ್ಕನೊಡನೆ ಕಾರಿನಲ್ಲಿ ಹೋಗುವುದು ಒಂದು ಶಿಕ್ಷೆ. ಕಿವಿ ಯಾವಾಗಲೂ ಇಂಜಿನ್ನಿನ ಮೇಲೆ. "ಮೂರನೇ ಗೇರ್ ತಡ ಆತು," "ಬ್ರೇಕ್ ಕಿರಗುಟ್ಟತೈತಿ," ಇಳಿಯುವವರೆಗೂ ಇದೇ. ಒಂದು ದಿನ ಹಿಂದಿನ ಸೀಟಿನಿಂದ ಅವರ ದನಿ ಬಂತು.

"ಈ ಗಾಡಿ ರಿಪೇರಿ ಈಗೂ ಇವನ ಕೈಯಾಗ ಐತೇನೋ?" ನನ್ನ ಕಡೆ ಕೈ ತೋರಿ ಡ್ರೈವರನ್ನು ಕೇಳಿದರು.

"ಇವರ ಕೈಯಾಗೇ ಅಕ್ಕಾ. ಬ್ಯಾರೆ ಯಾರಿಗೂ ಮುಟ್ಟಾಕ ಕೊಟ್ಟಿಲ್ಲ," ಡ್ರೈವರ್ ಹೇಳಿದ.

"ಹಂಗಾದ್ರ ನಾ ಒಂಚೂರು ಮಲಗತೀನಿ."

ಮಲಗಿದರು. ಕಾರಿನಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ನಾನು ಅಂದೇ ನೋಡಿದ್ದು. ಫ್ಲೈಓವರ್ ಮೇಲೆ ಗಾಡಿಗಳು ಒಂದಕ್ಕೊಂದು ಹತ್ತಿ ನಿಂತು ಹಾರ್ನ್ ಹೊಡೆಯುತ್ತಿದ್ದರೂ ಎಚ್ಚರವಿಲ್ಲ, ಸಣ್ಣಗೆ ಗೊರಕೆ. ಆಸ್ಪತ್ರೆಯ ಬಾಗಿಲಿಗೆ ಬಂದಾಗ ಡ್ರೈವರ್ ಚಾವಿಯ ಮೇಲೆ ಕೈಯಿಟ್ಟು, ಆರಿಸಲೇ ಎಂಬಂತೆ ನನ್ನ ಮುಖ ನೋಡಿದ. ಬೇಡವೆಂದು ತಲೆಯಾಡಿಸಿದೆ. ಇಂಜಿನ್ ಹಾಗೇ ನಡೆಯಲು ಬಿಟ್ಟು, ಅವರಿಗೆ ಎಚ್ಚರವಾಗುವವರೆಗೆ ನಾವಿಬ್ಬರೂ ಕಾರಿನಲ್ಲೇ ಕೂತೆವು.